ಮೊಹ್ಸಿನ್ ಮತ್ತು ಕುಟುಂಬದವರು

ಸ್ನೇಹಿತ ರೇಣುಕಾಪ್ರಸಾದರ ಜೊತೆ ಹೋಟೆಲಿಗೆ ಹೋಗುವುದೆಂದರೆ ನನಗೆ ಈಗಲೂ ಮುಜುಗರ. ತಿಂಡಿ ರುಚಿಯಾಗಿದ್ದರೆ ಸಾಕು, ಕೈತೊಳೆದವರೇ ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ, "ಈ ಚಟ್ನಿ ಯಾರು ಮಾಡಿದ್ದು ಮಾರಾಯ್ರೇ?" ಎಂದು ವಿಚಾರಿಸಿ, ರುಬ್ಬಿದವರನ್ನು ಹೆಸರು ಹಿಡಿದು ಹೊಗಳಿ, ಆಮೇಲೆಯೇ ಗಲ್ಲಾದ ಕಡೆ ತಿರುಗುವ ಆಸಾಮಿ. ಬೇಸಿಗೆಯಲ್ಲೂ ಬಿಚ್ಚದ ಬೂದು ಕೋಟು, ಎಡಭುಜ ಮುಂದೆ ಮಾಡಿ ಸಂತೆಯಲ್ಲಿ ನುಗ್ಗುವವರಂತಹ ನಡಿಗೆ. ಶಿವಮೊಗ್ಗದ ಗೋಪಾಳ ಬಡಾವಣೆಯ ಬೀದಿಗಳಲ್ಲಿ ಅವರನ್ನು ಬೆನ್ನು ನೋಡಿಯೇ ಗುರುತಿಸಬಹುದು.

ಕಣ್ಣು ಕಾಣದವರಿಗಾಗಿ ಕಂಪ್ಯೂಟರಿನ ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಅವರು ಹತ್ತಾರು ಜನರನ್ನು ಕಟ್ಟಿಕೊಂಡು ಬೆಳೆಸಿದ್ದಾರೆ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಸ್ವತಂತ್ರ ತಂತ್ರಾಂಶ ಅದು; ದುಡಿದವರಿಗೆ ಸಂಬಳವಿಲ್ಲ, 'ಶ್ರಮಿಸಿದವರು' ಎಂಬ ಪುಟದಲ್ಲಿ ಹೆಸರು ಮಾತ್ರ. ಯಾವುದೋ ಕಂಪನಿ ಆ ಪುಟವನ್ನು ಕಿತ್ತುಹಾಕಿ ಎಲ್ಲವನ್ನೂ ತನ್ನದೆಂದು ಹಂಚಿದಾಗ, ಇವರು ಬೆನ್ನು ಬಿಡದೆ ಕಾಡಿ, ಪ್ರತಿಯೊಂದು ಹೆಸರನ್ನೂ ವಾಪಸು ಹಾಕಿಸಿದ್ದರು. ಅಂಥವರಿಂದ ಹೀಗಾದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಭದ್ರಾವತಿಯ ಕಾಗದನಗರದ ಖೈರುನ್ನೀಸಾ ಹುಟ್ಟಿನಿಂದ ದೃಷ್ಟಿಯಿಲ್ಲದವರು. ತಂತ್ರಾಂಶ ಎಲ್ಲಿ ತಡವರಿಸುತ್ತದೆ, ಎಲ್ಲಿ ನಿಲ್ಲಬೇಕಾದಲ್ಲಿ ನಿಲ್ಲದೆ ಓಡುತ್ತದೆ ಎಂಬುದನ್ನು ಕೇಳಿ ಪತ್ತೆಹಚ್ಚಿ, ತಾವೇ ತಿದ್ದಿ ಕಳಿಸುತ್ತಿದ್ದರು. ಹೊಸ ಆವೃತ್ತಿಯಲ್ಲಿ ತಮ್ಮ ಹೆಸರು ಬಂದಮೇಲೆ ಅದನ್ನು ತೋರಿಸಿಯೇ ಶಿವಮೊಗ್ಗದ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಕೇಳಬೇಕೆಂದಿದ್ದರು. ಬಿಡುಗಡೆಯ ದಿನ ಅವರ ಗಂಡ ಮೊಹ್ಸಿನ್ ತಮ್ಮ ಗ್ಯಾರೇಜಿಗೆ ಬೀಗ ಹಾಕಿ ಅವರನ್ನು ಗೋಪಾಳಕ್ಕೆ ಕರೆತಂದರು. ರೇಣುಕಾಪ್ರಸಾದರ ಮನೆಯ ಹಜಾರದಲ್ಲಿ ನಾವೆಲ್ಲ ಕುಳಿತಿದ್ದಾಗ, ವಾಡಿಕೆಯಂತೆ, ತಂತ್ರಾಂಶವೇ ತನ್ನನ್ನು ಕಟ್ಟಿದವರ ಹೆಸರುಗಳನ್ನು ಓದತೊಡಗಿತು. ಕೊನೆಯಲ್ಲಿ ಬಂದದ್ದು: "ಮೊಹ್ಸಿನ್ ಮತ್ತು ಕುಟುಂಬದವರು."

ಮದುವೆಮನೆಯ ಉಡುಗೊರೆಯ ಮೇಲೆ ಬರೆಯುತ್ತಾರಲ್ಲ, ಹಾಗೆ!

"ಕುಟುಂಬದವರು ಅಂದ್ರೆ ನಾನಾ ಸಾರ್?" ಎಂದು ಖೈರುನ್ನೀಸಾ ಕೇಳಿದರು.

ರೇಣುಕಾಪ್ರಸಾದರು ತಬ್ಬಿಬ್ಬಾದರು. "ಹಾಗಲ್ಲಮ್ಮಾ, ನಿಮ್ಮಲ್ಲಿ ಹೆಣ್ಮಕ್ಕಳ ಹೆಸರು ಹೊರಗೆ ಹಾಕಿದ್ರೆ ಮನೇಲಿ ಏನಂದ್ಕೋತಾರೋ ಅಂತ... ಗೌರವಕ್ಕೇ ಹಾಗೆ ಹಾಕಿದ್ದು."

"ಯಾರನ್ನ ಕೇಳಿ ಹಾಕಿದ್ರಿ?" ಎಂದರು ಮೊಹ್ಸಿನ್. "ನಂಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ ಸಾರ್."

ಗೊತ್ತಿಲ್ಲದ ಕಂಪನಿಯೊಡನೆ ಜಗಳಕ್ಕೆ ಬಿದ್ದ ಮನುಷ್ಯ, ಗೊತ್ತಿದ್ದ ಹೆಣ್ಣುಮಗಳಿಗೆ ಒಂದು ಫೋನ್ ಮಾಡಿ ಕೇಳಲಿಲ್ಲವಲ್ಲ!

"ನಾಳೆ ಸರಿ ಮಾಡ್ತೀನಮ್ಮಾ."

"ಈಗ್ಲೇ ಮಾಡಿ ಸಾರ್. ಕೇಳ್ಕೊಂಡೇ ಹೋಗ್ತೀನಿ."

ರೇಣುಕಾಪ್ರಸಾದರ ಬೆರಳುಗಳು ಕೀಲಿಮಣೆಯ ಮೇಲೆ ತಡಕಾಡಿದವು. ಸ್ವಲ್ಪ ಹೊತ್ತಿಗೆ ತಂತ್ರಾಂಶ ಓದಿತು: "ಖೈರುನ್ನೀಸಾ. ಓದಿನ ದೋಷಗಳ ಪತ್ತೆ ಮತ್ತು ತಿದ್ದುಪಡಿ."

"ಈಗ ಸಂತೋಷ ತಾನೇ?" ಎಂದರು ಅವರು, ತಗ್ಗಿದ ದನಿಯಲ್ಲಿ.

"ಸಂತೋಷ ಯಾಕೆ ಸಾರ್? ಮಾಡಿದ್ದು ನಾನೇ ಅಲ್ವಾ?" ಎಂದು ಆಕೆ ಗಂಡನ ತೋಳು ಹಿಡಿದು ಎದ್ದರು.

ರೇಣುಕಾಪ್ರಸಾದರಂಥವರು ಇಲ್ಲದಿದ್ದರೆ ಇಂಥ ಕೆಲಸಗಳೇ ಹುಟ್ಟುವುದಿಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅನ್ಯರ ಅನ್ಯಾಯಕ್ಕೆ ಕೆರಳುವ ಈ ಸಜ್ಜನರು ತಮ್ಮ ಮರ್ಯಾದೆಯನ್ನು ಮಾತ್ರ ಎಂದೂ ಅನುಮಾನಿಸುವುದಿಲ್ಲ. ಅವರು ಗೌರವದಿಂದ ಅಳಿಸಿದ ಹೆಸರಿನ ಪರವಾಗಿ ಬೇರೆ ಯಾರೂ ಜಗಳಕ್ಕೆ ಬರುವುದಿಲ್ಲ, ಅಳಿಸಿಹೋದವರೇ ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಕೇಳಬೇಕು.