ಕಿಲೋಗೆ ಹನ್ನೊಂದು ಸಾವಿರ

ಎದುರು ಮನೆಯಲ್ಲಿದ್ದುಕೊಂಡು ಪಂಪ್ ಸ್ಪೇರ್ಸ್ ವ್ಯಾಪಾರ ಮಾಡುವ ಶೀನಣ್ಣನಿಗೂ ನನಗೂ ಸೇರಿ ಒಂದೇ ಪೇಪರ್. ಬೆಳಿಗ್ಗೆ ಅವರು ಓದಿ, ಪದಬಂಧದ ಅಡ್ಡ ಸಾಲುಗಳನ್ನು ತುಂಬಿ ನನ್ನ ಗೇಟಿಗೆ ಸಿಕ್ಕಿಸುತ್ತಾರೆ. ಮೇಲಿಂದ ಕೆಳಕ್ಕಿರುವ ಸಾಲುಗಳು ನನ್ನವು. ಅಮ್ಮ ಹೋದ ಮೇಲೆ, ಮಲ್ಲೇಶ್ವರದ ಈ ಕ್ರಾಸಿನಲ್ಲಿ ನನ್ನನ್ನು ಹೆಸರು ಹಿಡಿದು ಕೂಗುವವರು ಅವರೊಬ್ಬರೇ. ಒಂಬತ್ತು ವರ್ಷದ ಈ ಸ್ನೇಹವೆಲ್ಲ ಗೇಟಿನಾಚೆ ಈಚೆ ನಿಂತೇ ನಡೆದದ್ದು.

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದವಳು. ಈಗ ಮನೆಯಿಂದಲೇ ಒಂದು ಸಂಸ್ಥೆಗಾಗಿ ರಫ್ತಿನ ಅಂಕಿಅಂಶ ಜಾಲಾಡುತ್ತೇನೆ. ಶಸ್ತ್ರಾಸ್ತ್ರ ಮಾರಬಾರದೆಂದು ನಿಷೇಧವಿರುವ ದೇಶಗಳಿಗೆ ಬೇರೆ ಹೆಸರಿನಲ್ಲಿ ಏನು ಹೋಗುತ್ತಿದೆ ಎಂದು ಹುಡುಕುವ ಕೆಲಸ. ಕಳೆದ ವಾರ ಒಂದು ಸಾಲು ಕಣ್ಣಿಗೆ ಬಿತ್ತು: ಅಂಥದೊಂದು ದೇಶಕ್ಕೆ ನೀರಿನ ಪಂಪಿನ ಬಿಡಿಭಾಗ, ಕಿಲೋಗೆ ಹನ್ನೊಂದು ಸಾವಿರ ರೂಪಾಯಿ. ನಾಲ್ಕು ವರ್ಷದ ದಾಖಲೆ ತೆಗೆದೆ. ಅಲ್ಲಿ ಕಾಳಗ ಶುರುವಾದ ತಿಂಗಳುಗಳಲ್ಲಿ ಸರಕು ಹೋಗಿದೆ, ಕದನವಿರಾಮದಲ್ಲಿ ನಿಂತಿದೆ. ಕಳಿಸಿದವರ ವಿಳಾಸ ಓದಿ, ತಲೆಯೆತ್ತಿ ಕಿಟಕಿಯಾಚೆ ನೋಡಿದೆ. ಎದುರು ಗೇಟಿನ ಮೇಲೆ ಅದೇ ಡೋರ್ ನಂಬರ್.

ವಿಶೇಷ ಪಂಪುಗಳಿಗೆ ಅಷ್ಟು ಬೆಲೆ ಇರಬಹುದಲ್ಲ? ಇರಲಿ ಎಂದು ಆಸೆಪಟ್ಟೆ. ಬೆಳಿಗ್ಗೆ ಗೇಟಿನ ಬಳಿ ಶೀನಣ್ಣ ಸಿಕ್ಕರು.

"ಏನಮ್ಮಾ ಸುಪ್ರಜಾ, ನಿನ್ನೆ ಏಳನೇದು ತಪ್ಪು ಬರ್ದಿದ್ದೆ. ಮೇಡಂ ಬೇರೆ ನೀನು!"

"ನಿಮ್ಮ ಅಡ್ಡ ಸಾಲೇ ತಪ್ಪಿದ್ರೆ ನಂದು ಹೇಗೆ ಸರಿ ಇರುತ್ತೆ, ಶೀನಣ್ಣ? ಅಂದ ಹಾಗೆ, ನಿಮ್ಮ ಪಂಪ್ ಸ್ಪೇರ್ಸ್ ಕಿಲೋಗೆ ಎಷ್ಟು ಬೀಳುತ್ತೆ?"

"ಒಳ್ಳೇ ಸ್ಟೀಲ್ ಆದ್ರೆ ಎಂಟುನೂರು. ಸಾವಿರ ಅಂದ್ರೆ ಗಿರಾಕಿ ಓಡ್ಹೋಗ್ತಾನೆ!" ನಕ್ಕರು. ಆಮೇಲೆ ನಗು ನಿಂತಿತು. "ಯಾಕೆ ಕೇಳ್ದೆ?"

"ಕೆಲಸಕ್ಕೆ."

ನನ್ನ ಕೆಲಸ ಏನೆಂದು ಅವರಿಗೆ ಅರ್ಧ ಗೊತ್ತಿತ್ತು. ಉಳಿದರ್ಧ ಆಗ ಗೊತ್ತಾಯಿತು. "ಬಿಸಿಲು ಜಾಸ್ತಿ ಆಯ್ತು" ಎಂದು ಒಳಗೆ ಹೋದರು.

ಮರುದಿನ ಪೇಪರ್ ಆರು ಗಂಟೆಗೇ ಬಂದಿತ್ತು. ಪದಬಂಧದ ಪಕ್ಕದಲ್ಲಿ ಅವರ ಗುಂಡಗಿನ ಅಕ್ಷರ: "ಸಾಯಂಕಾಲ ಐದಕ್ಕೆ ಮನೆಗೆ ಬಾ. ಕಾಫಿ ಕುಡಿಯೋಣ."

ಇದೊಂದು ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೆಂದು ಓದಿದ ಮೇಲೆಯೇ ತಿಳಿದದ್ದು. ಮಧ್ಯಾಹ್ನದವರೆಗೆ ಅಂಕಿಗಳನ್ನು ಮೂರು ಸಲ ತಾಳೆ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. ಮೂರು ಗಂಟೆಗೆ ವರದಿ ಕಳಿಸಿದೆ.

ಐದಕ್ಕೆ ಶೀನಣ್ಣ ವರಾಂಡದಲ್ಲಿ ಎರಡು ಕುರ್ಚಿ ಹಾಕಿ, ಒಂದನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಆರೂವರೆಯವರೆಗೂ ಕೂತಿದ್ದರು. ಕಿಟಕಿಯ ಹಿಂದೆ ನಾನೂ ಅಷ್ಟೇ ಹೊತ್ತು ಕೂತಿದ್ದೆ.