ಸೋತವರ ಕೀಲಿಕೈ

ನಾನು ಸಾಗವಾನಿಯ ಪೆಟ್ಟಿಗೆ. ನೇಕಾರರ ಓಣಿಯ ಬಡಿಗೇರ ಮೋನಪ್ಪ ಮುರಿದ ಮಗ್ಗದ ಹಲಗೆಗಳಿಂದ ನನ್ನನ್ನು ಮಾಡಿದ. ಒಂದು ಮುಚ್ಚಳ, ಎರಡು ಬೀಗ. ಓಣಿಯವರು ಬರೆದು, ದಾರ ಸುತ್ತಿ ಗಂಟು ಹಾಕಿಟ್ಟ ಮೃತ್ಯುಪತ್ರಗಳು ನನ್ನ ಹೊಟ್ಟೆಯಲ್ಲಿರುತ್ತಿದ್ದವು. ಬರೆದವರು ಸತ್ತ ಹದಿಮೂರನೆಯ ದಿನ ಎಲ್ಲರೆದುರು ನನ್ನನ್ನು ತೆರೆದು, ಯಾರಿಗೆ ಏನೆಂದು ತೀರ್ಪು ಹೇಳುವುದು ಹಿರಿಯನ ಕೆಲಸ. ಹಿರಿಯನನ್ನು ಐದು ವರ್ಷಕ್ಕೊಮ್ಮೆ ಕೈಯೆತ್ತಿ ಆರಿಸುತ್ತಿದ್ದರು. ಒಂದು ಕೀಲಿಕೈ ಗೆದ್ದವನಿಗೆ, ಇನ್ನೊಂದು ಅವನೆದುರು ನಿಂತು ಸೋತವನಿಗೆ. ಈ ಪದ್ಧತಿ ಮಾಡಿದವರು ಮನುಷ್ಯರನ್ನು ಬಲ್ಲವರು.

ಗುರುಪಾದಪ್ಪ ಮೊದಲ ಸಲ ಗೆದ್ದಾಗ ಸೋತವನು ಮಲ್ಲೇಶಪ್ಪ. ಆ ಐದು ವರ್ಷ ತೀರ್ಪುಗಳೆಲ್ಲ ನೆಟ್ಟಗಿದ್ದವು. ಎರಡನೆಯ ಸಲ ಎದುರಿಗೆ ಯಾರೂ ನಿಲ್ಲಲಿಲ್ಲ. ಹಾರ ಹಾಕಿದರು, ಹಲಗೆ ವಾದ್ಯ ಬಾರಿಸಿದರು.

ಮಲ್ಲೇಶಪ್ಪ ತನ್ನ ಕೀಲಿಕೈ ತೆಗೆದು ಕೇಳಿದ: "ಸೋತವರ ಇಲ್ಲಂದ ಮ್ಯಾಲ ಇದನ್ನ ಯಾರಿಗೆ ಕೊಡ್ಲಿ?"

"ಕಳದೀತು, ನನ್ನ ಕಡೀನ ಇರಲಿ ಬಿಡೋ," ಎಂದ ಗುರುಪಾದಪ್ಪ.

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಎರಡೂ ಕೀಲಿಕೈಗಳು ಒಬ್ಬನ ಉಡಿದಾರಕ್ಕೆ ಹೋದದ್ದು ಯಾರಿಗೂ ಹೊಳೆಯಲಿಲ್ಲ.

ಓಣಿಯ ನೇಕಾರ ಈರಭದ್ರಪ್ಪ ಸತ್ತ ವಾರದಲ್ಲೇ, ಊಟದ ಹೊತ್ತು ನೋಡಿ, ಗುರುಪಾದಪ್ಪ ಒಬ್ಬನೇ ಬಂದು ನನ್ನನ್ನು ತೆರೆದ. ಈರಭದ್ರಪ್ಪನ ಪತ್ರ ತೆಗೆದ, ಬೇರೊಂದನ್ನಿಟ್ಟ. ನನಗೆ ಬಾಯಿದೆ, ಆದರೆ ಅದು ತೆರೆಯಲು, ಮುಚ್ಚಲು ಮಾತ್ರ. ಅಂದಿನಷ್ಟು ಅದನ್ನು ನಾನು ಎಂದೂ ಶಪಿಸಿಲ್ಲ.

ಹದಿಮೂರನೆಯ ದಿನ ಓದಿದರು: ಮನೆ, ಮಗ್ಗ, ಎರಡೂ ಈರಭದ್ರಪ್ಪನ ಅಣ್ಣನ ಮಗನಿಗೆ. ಇಪ್ಪತ್ತು ವರ್ಷ ಅಪ್ಪನ ಜೊತೆ ಆ ಮಗ್ಗದಲ್ಲೇ ನೇಯ್ದ ಮಗಳು ಶಾವಂತ್ರವ್ವ ಪತ್ರದಿಂದ ಗಂಟು ಬಿಚ್ಚದೆ ಜಾರಿಸಿದ್ದ ದಾರವನ್ನು ಕೈಗೆತ್ತಿಕೊಂಡಳು.

"ಇದು ಅಪ್ಪನ ಗಂಟಲ್ಲ, ಕಾಕಾ. ನೇಯೋರು ಹಿಂಗ ಗಂಟ ಹಾಕೂದಿಲ್ಲ."

"ಗಂಟ ನೋಡಿ ನ್ಯಾಯ ಹೇಳಾಕ ಬರ್ತೈತೇನವ್ವ? ಕಾಗದ ನೋಡು," ಎಂದ ಗುರುಪಾದಪ್ಪ.

ಅವನೊಬ್ಬನನ್ನು ಬಿಟ್ಟರೆ ಅಲ್ಲಿದ್ದವರೆಲ್ಲ ನೇಯುವವರು. ಆ ಗಂಟು ಎಲ್ಲರಿಗೂ ಕಂಡಿತ್ತು. ಎಲ್ಲರೂ ನೆಲ ನೋಡಿದರು.

ಶಾವಂತ್ರವ್ವ ಬಾಡಿಗೆ ಖೋಲಿಗೆ ಹೋದಳು, ಪರರ ಮಗ್ಗದಲ್ಲಿ ಕೂಲಿಗೆ ನೇಯ್ದಳು. ಮುಂದಿನ ಆಯ್ಕೆಯ ದಿನ ಗುರುಪಾದಪ್ಪನ ಎದುರು ಅವಳೇ ನಿಂತಳು.

"ಹಿರೇತನಾ ಮಾಡಾಕ ಕುಬಸಾ ತೊಟ್ಟವರು ಬಂದರಪ್ಪೋ," ಎಂದ ಒಬ್ಬ. ನಕ್ಕರು. ಅವಳಿಗೆ ಎದ್ದದ್ದು ಒಂಬತ್ತು ಕೈ.

"ಒಂಬತ್ತ ಬಂದ್ವಲ್ಲವ್ವಾ," ಗುರುಪಾದಪ್ಪ ಮರುಕ ತೋರಿಸಿದ.

"ಸಾಕ, ಕಾಕಾ. ನಾ ಗೆಲ್ಲಾಕ ನಿಂತಿದ್ದಿಲ್ಲ." ಅವಳು ಅಂಗೈ ಚಾಚಿದಳು. "ಸೋತವರ ಕೀಲಿಕೈ ಕೊಡ್ರಿ."

ನಗು ನಿಂತಿತು. ಅವನು ಉಡಿದಾರದಿಂದ ಒಂದು ಕೀಲಿಕೈ ಬಿಚ್ಚಿ ಅವಳ ಅಂಗೈಗೆ ಹಾಕಿದ್ದನ್ನು ನಾನು ಕಣ್ತುಂಬ ನೋಡಿದೆ.

ಈಗ ನನ್ನ ತಳಕ್ಕೆ ಹುಳು ಹಿಡಿದಿದೆ. ಚಾವಡಿಯ ಮೂಲೆಯಲ್ಲಿದ್ದೇನೆ. ಪ್ರತಿ ಆಯ್ಕೆಯಲ್ಲೂ ನಿಂತು, ಸೋತು, ಆ ಕೀಲಿಕೈ ಉಳಿಸಿಕೊಂಡ ಶಾವಂತ್ರವ್ವ, ತಲೆ ನರೆತರೂ, ಪ್ರತಿ ಗಂಟನ್ನು ಮುಟ್ಟಿ ನೋಡದೆ ಒಂದು ಪತ್ರವನ್ನೂ ಬಿಚ್ಚಗೊಡುವುದಿಲ್ಲ. ಅವಳ ಅಪ್ಪನ ಪತ್ರ ಮಾತ್ರ ಮರಳಿ ಬರಲಿಲ್ಲ. ಅವಳು ಕೂಲಿಗೆ ನೇಯುವ ಮಗ್ಗದ ಸದ್ದು ಪರರ ಮನೆಯಿಂದ ಇಲ್ಲಿಗೂ ಕೇಳುತ್ತದೆ. ಗುರುಪಾದಪ್ಪ ಸತ್ತು ಬಹಳ ದಿನವಾಯಿತು, ಅವನ ಮೇಲಿನ ಸಿಟ್ಟು ಸವೆದಿದೆ. ಅಂದು ಚಪ್ಪಾಳೆ ತಟ್ಟಿ, ಆಮೇಲೆ ನೆಲ ನೋಡಿದವರ ಮೇಲಿನದು ಸವೆದಿಲ್ಲ.