ಒಂಟಿ ಕೈಗೆ ಮತವಿಲ್ಲ

ಪುರಸಭೆಯ ಅಂಗಳದಲ್ಲಿ, ವರ್ಷದ ಅನುದಾನ ಹಂಚುವ ಸಭೆಗೆ, ಹಳ್ಳಿಗಳ ಮುಖಂಡರು ಗಂಡ-ಹೆಂಡತಿ ಜೋಡಿಯಾಗಿ ಕೂತು ಕೋಕಾ ಎಲೆ ಅಗಿಯುತ್ತಿದ್ದರು. ಬೊಲಿವಿಯಾದ ಆ ಎತ್ತರದ ಬಯಲಿನಲ್ಲಿ ಮುಖಂಡತನ ಸರದಿಯ ಮೇಲೆ ಮನೆಮನೆಗೆ ಬರುತ್ತದೆ. ಬಂದರೆ ಜೋಡಿಗೇ ಬರುತ್ತದೆ. ಯೂಲೋಹಿಯಾ ವಾರಾಚಿ ಒಬ್ಬಳೇ ಇದ್ದಳು. ಸರದಿ ಬಂದ ತಿಂಗಳೇ ಅವಳ ಗಂಡ ಸೆವೆರೋನನ್ನು ಗಣಿಯ ಕೆಮ್ಮು ಕೊಂಡೊಯ್ದಿತ್ತು. ಅವಳ ಊರು ಚುಲ್ಯಾರಿಯ ಬಾವಿ ಉಪ್ಪಾಗಿತ್ತು. ಇಂದು ಕೊಳವೆಬಾವಿ ಮಂಜೂರಾಗದಿದ್ದರೆ ಉಳಿದ ನಾಲ್ಕು ಮನೆಗಳೂ ಗಂಟುಮೂಟೆ ಕಟ್ಟುವುದು ಖಂಡಿತ.

“ಒಂಟಿ ಮುಖಂಡರಿಗೆ ಮತ ಇಲ್ಲವ್ವಾ, ಬೇಡಿಕೆ ಇಡೋ ಹಾಗೂ ಇಲ್ಲ,” ಎಂದ ಮೇಯರ್. “ನಾನು ಮಾಡಿದ್ದಲ್ಲ, ನಿಮ್ಮ ಹಿರೀಕರದ್ದೇ ಪದ್ಧತಿ.”

“ನಿಮ್ಮ ಹೆಂಡ್ತಿ ಎಲ್ಲವ್ಳೆ ಸ್ವಾಮಿ?”

“ಲಾ ಪಾಸ್ ನಗರದಲ್ಲಿ. ನನ್ನನ್ನ ಕೂರಿಸಿರೋದು ಸರ್ಕಾರದ ಕಾನೂನು.”

ತನಗೆ ಕಾನೂನು, ಇವರಿಗೆ ಪದ್ಧತಿ. ಎರಡು ಚೀಲ ಹೊತ್ತವನಿಗೆ ಯಾವತ್ತೂ ಕೊರತೆಯಿಲ್ಲ.

“ನಿನ್ನ ಕೊಟ್ಟಿಗೆಯ ಲಾಮಾಗೆ ಕಂಬಳಿ ಹೊದಿಸಿ ಪಕ್ಕದಲ್ಲಿ ಕೂರಿಸ್ಕೊ ಅಕ್ಕಾ,” ಎಂದನೊಬ್ಬ ಹಿಂದಿನಿಂದ.

“ಕೂರಿಸ್ತೀನಿ. ಮುಖಕ್ಕೆ ಉಗುಳುತ್ತೆ, ಮುಂದೆ ನೀನು ಕೂತಿರು.”

ನಗೆ ಎದ್ದಿತು. ನಗೆಯಿಂದ ನೀರು ಬರುವುದಿಲ್ಲ.

ಆಗ ಬಾಗಿಲ ಬಳಿಯಿಂದ ಹಾಸಿಂತೊ ಕೋಲ್ಕೆ ಎದ್ದು ಬಂದ. ಒಣಗಿದ ಹೊಳೆಯಾಚೆಯ ಊರಿನ ಮುಖಂಡ, ಹೆಂಡತಿ ಸತ್ತವನು. ಅವನಿಗೂ ಮತವಿಲ್ಲ, ಅವನ ಊರ ಬಾವಿಯೂ ಉಪ್ಪು.

“ನಾವಿಬ್ರೂ ಒಟ್ಟಿಗೆ ಕೂತ್ರೆ ಜೋಡಿ ಅಂತ ಒಪ್ತೀರಾ?”

ಹಿರಿಯರು ಪಿಸುಗುಟ್ಟಿ ತಲೆಯಾಡಿಸಿದರು. ಯೂಲೋಹಿಯಾಳ ಎದೆ ಹಗುರಾಯಿತು. ಸರಿದು ಜಾಗ ಕೊಟ್ಟಳು.

“ಒಂದು ಜೋಡಿಗೆ ಒಂದೇ ಮತ, ಒಂದೇ ಬೇಡಿಕೆ,” ಎಂದ ಮೇಯರ್. “ಎರಡು ಊರಿನ ಮಧ್ಯೆ ಅಂದ್ರೆ, ಜನಗಣತೀಲಿ ತಲೆ ಹೆಚ್ಚಿರೋ ಊರಿಗೇ ಬಾವಿ.”

ಹಾಸಿಂತೊನ ಊರಿನಲ್ಲಿ ತಲೆಗಳು ಹೆಚ್ಚು. ಚುಲ್ಯಾರಿಯವರಲ್ಲಿ ಅರ್ಧಕ್ಕರ್ಧ ಜನ ಗಣತಿಯ ದಿನ ಚಿಲಿಯ ದ್ರಾಕ್ಷಿತೋಟದಲ್ಲಿ ಕೂಲಿಗಿದ್ದರು.

“ನಿಮ್ಮೂರವ್ರೂ ಬಂದು ನೀರು ತುಂಬಿಸ್ಕೊಳ್ಳಿ ಅಕ್ಕಾ,” ಎಂದ ಹಾಸಿಂತೊ, ಅವಳ ಮುಖ ನೋಡದೆ.

“ಅರ್ಧ ದಿನದ ದಾರಿ ಕಣಪ್ಪಾ.”

“ಗೊತ್ತು. ನೀನು ಕೈ ಎತ್ತದಿದ್ರೆ ನಮಗೂ ಇಲ್ಲ.”

ಅವನ ಧ್ವನಿಯಲ್ಲಿ ಬೆದರಿಕೆ ಇರಲಿಲ್ಲ. ಇದ್ದಿದ್ದರೆ ಅವಳು ಕೈ ಕಟ್ಟಿ ಕೂರುತ್ತಿದ್ದಳು. ಕೈ ಎತ್ತಿದಳು.

“ಒಗ್ಗಟ್ಟು ಅಂದ್ರೆ ಇದು,” ಎಂದು ಮೇಯರ್ ಚಪ್ಪಾಳೆ ತಟ್ಟಿದ.

ಹೊರಗೆ ಗೋಡೆಯ ನೆರಳಿನಲ್ಲಿ ಚುಲ್ಯಾರಿಯವರು ಕಾದಿದ್ದರು.

“ಬಾವಿ ಆಯ್ತಾ ಅಕ್ಕಾ?”

“ಆಯ್ತು,” ಎಂದಳು. ಯಾವ ಊರಿಗೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಚರ್ಚಿನ ಹಿಂದೆ ಕೊರೆಯಬೇಕೋ ಶಾಲೆಯ ಮುಂದೋ ಎಂದು ಅವರು ಜಗಳಕ್ಕೆ ಬಿದ್ದಿದ್ದರು.